ಆರು ವರ್ಷ ಕದಲದ ಕ್ರಿಯಾಟಿನೈನ್: ಮೂತ್ರಪಿಂಡದ ಶೋಧನೆಯನ್ನು ಅಳೆಯುವ ರಕ್ತಸೂಚಕಗಳ ಕುರಿತು ಒಂದು ಪ್ರಕರಣ ಅಧ್ಯಯನ

ಇಲ್ಲಿ ಚರ್ಚಿಸಿರುವ ರೋಗಿ ಯಾವೊಬ್ಬ ನಿರ್ದಿಷ್ಟ ವ್ಯಕ್ತಿಯೂ ಅಲ್ಲ. ದೀರ್ಘಕಾಲದ ರುಮಟಾಯ್ಡ್ ಸಂಧಿವಾತದಲ್ಲಿ ಬೇರೆ ಬೇರೆ ರೋಗಿಗಳಲ್ಲಿ ಕಂಡುಬರುವ ಸಂಗತಿಗಳನ್ನು ಒಬ್ಬರಲ್ಲೇ ಕೂಡಿಸಿ, ಚರ್ಚೆಯ ಅನುಕೂಲಕ್ಕಾಗಿ ಈ ಪ್ರಕರಣವನ್ನು ರೂಪಿಸಲಾಗಿದೆ. ಅಂದಾಜಿನ ಅಂಕಿಗಳನ್ನು ಮಾತ್ರ ಇಂದು ಬಳಕೆಯಲ್ಲಿರುವ ಸಮೀಕರಣಗಳಿಂದಲೇ ಲೆಕ್ಕ ಹಾಕಲಾಗಿದೆ.

ರೋಗಿ ಮತ್ತು ಮೊದಲ ಪರೀಕ್ಷೆಗಳು

ರೋಗಿ 70 ವರ್ಷದ ಮಹಿಳೆ. ಎತ್ತರ 150 ಸೆಂ.ಮೀ., ತೂಕ 40 ಕಿಲೊ. ಇಪ್ಪತ್ತು ವರ್ಷಕ್ಕೂ ಮೀರಿ ರುಮಟಾಯ್ಡ್ ಸಂಧಿವಾತದಿಂದ ಬಳಲುತ್ತಿದ್ದ ಅವರು ವಾರಕ್ಕೊಮ್ಮೆ 15 ಮಿ.ಗ್ರಾಂ. ಮೆಥೊಟ್ರೆಕ್ಸೇಟ್, ಜೊತೆಗೆ ಫೋಲಿಕ್ ಆಮ್ಲ, ದಿನಕ್ಕೆ 5 ಮಿ.ಗ್ರಾಂ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರು, ನೋವು ಹೆಚ್ಚಿದ ದಿನಗಳಲ್ಲಿ, ಅಂದರೆ ಹೆಚ್ಚುಕಡಿಮೆ ಪ್ರತಿದಿನವೂ, ನಪ್ರೋಕ್ಸೆನ್ ಮಾತ್ರೆಯನ್ನೂ ನುಂಗುತ್ತಿದ್ದರು. ಬಾಯಿಯ ತುಂಬ ಹುಣ್ಣಾಗಿ ಆಹಾರ ನುಂಗಲಾಗದೆ, ಸಣ್ಣ ಜ್ವರದೊಂದಿಗೆ ಅವರು ಆಸ್ಪತ್ರೆಗೆ ಬಂದಾಗ ಹಿಮೋಗ್ಲೋಬಿನ್ 9.4, ಬಿಳಿ ರಕ್ತಕಣಗಳು 2,600, ಪ್ಲೇಟ್‌ಲೆಟ್ 84,000 ಇದ್ದವು. ಕೆಂಪು ರಕ್ತಕಣಗಳ ಗಾತ್ರ ದೊಡ್ಡದಾಗಿತ್ತು. ಬಾಯಿಹುಣ್ಣು ಮತ್ತು ಮೂರೂ ಬಗೆಯ ರಕ್ತಕಣಗಳ ಕುಸಿತ ಒಟ್ಟಿಗೆ ಕಂಡಾಗ ಮೆಥೊಟ್ರೆಕ್ಸೇಟ್ ಮೈಯಲ್ಲಿ ಶೇಖರವಾಗಿದೆ ಎಂಬ ಅನುಮಾನ ಸಹಜವಾಗಿಯೇ ಬಂತು. ಔಷಧಿಯನ್ನು ಅಂದೇ ನಿಲ್ಲಿಸಿ, ಅದರ ವಿಷಪ್ರಭಾವವನ್ನು ತಡೆಯುವ ಫೋಲಿನಿಕ್ ಆಮ್ಲವನ್ನು ಆರಂಭಿಸಲಾಯಿತು.

ಆದರೆ ಶೇಖರವಾದದ್ದು ಏಕೆ ಎಂಬ ಪ್ರಶ್ನೆಗೆ ತಕ್ಷಣ ಉತ್ತರವಿರಲಿಲ್ಲ. ಮೆಥೊಟ್ರೆಕ್ಸೇಟ್ ಬಹುಪಾಲು ಮೂತ್ರಪಿಂಡದ ಮೂಲಕವೇ ಹೊರಹೋಗುವ ಔಷಧಿ. ರೋಗಿ ತಪ್ಪಾಗಿ ದಿನವೂ ಮಾತ್ರೆ ನುಂಗಿದರೇ ಎಂದು ವಿಚಾರಿಸಲಾಯಿತು, ಇಲ್ಲ. ಮೆಥೊಟ್ರೆಕ್ಸೇಟ್ ಜೊತೆಗೆ ಕೂಡಿದರೆ ರಕ್ತಕಣ ಹುಟ್ಟಿಸುವ ಮೂಳೆಮಜ್ಜೆಗೆ ಅಪಾಯ ತರುವ ಟ್ರೈಮೆಥೊಪ್ರಿಮ್–ಸಲ್ಫಾ ಮಾತ್ರೆಯನ್ನು ಇತ್ತೀಚೆಗೆ ಯಾರಾದರೂ ಕೊಟ್ಟಿದ್ದರೇ ಎಂದು ಕೇಳಲಾಯಿತು, ಅದೂ ಇಲ್ಲ. ಇನ್ನು ಮೂತ್ರಪಿಂಡ. ಮೂತ್ರಪಿಂಡ ಸೋಸಿ ಹೊರಹಾಕುವ ತ್ಯಾಜ್ಯವಾದ ಕ್ರಿಯಾಟಿನೈನ್ ಪ್ರತಿ ಡೆಸಿಲೀಟರಿಗೆ 0.7 ಮಿ.ಗ್ರಾಂ. ಇತ್ತು. ಪ್ರಯೋಗಾಲಯವೇ ಲೆಕ್ಕ ಹಾಕಿ ಮುದ್ರಿಸಿದ ಇಜಿಎಫ್ಆರ್, ಅಂದರೆ ಅಂದಾಜು ಶೋಧನಾ ದರ, 1.73 ಚದರ ಮೀಟರ್ ಮೈಮೇಲ್ಮೈಗೆ ನಿಮಿಷಕ್ಕೆ 93 ಮಿ.ಲೀ. ರಕ್ತದ ಯೂರಿಯಾ 38 ಮಿ.ಗ್ರಾಂ., ಸಾಮಾನ್ಯ ಮಿತಿಯ ಒಳಗೇ. ಹಳೆಯ ವರದಿಗಳನ್ನು ತೆರೆದು ನೋಡಿದರೆ ಆರು ವರ್ಷಗಳ ಹಿಂದೆಯೂ ಕ್ರಿಯಾಟಿನೈನ್ 0.7 ಇತ್ತು, ನಡುವಿನ ವರದಿಗಳೆಲ್ಲ 0.6 ಮತ್ತು 0.8ರ ನಡುವೆಯೇ ಇದ್ದವು. ಈ ಸ್ಥಿರತೆಯನ್ನು ಕಂಡವರು ಯಾರಾದರೂ ಮೂತ್ರಪಿಂಡವನ್ನು ಅನುಮಾನದ ಪಟ್ಟಿಯಿಂದ ಕೈಬಿಡುವುದು ಸ್ವಾಭಾವಿಕ.

ಕೈಬಿಡಬಾರದಿತ್ತು ಎಂಬುದಕ್ಕೆ ಸಾಕ್ಷಿ ಅದೇ ಕಡತದಲ್ಲಿತ್ತು. ಆರು ವರ್ಷಗಳ ಹಿಂದೆ ರೋಗಿಯ ತೂಕ 52 ಕಿಲೊ, ಈಗ 40.

0.7 ಎಂಬ ಅಂಕಿ ಹೇಗೆ ಹುಟ್ಟುತ್ತದೆ

ಸ್ನಾಯುಗಳಲ್ಲಿರುವ ಕ್ರಿಯಾಟಿನ್‌ನ ಒಂದು ಸಣ್ಣ ಭಾಗ, ಶೇಕಡಾ ಒಂದೆರಡರಷ್ಟು, ಪ್ರತಿದಿನ ತಾನಾಗಿಯೇ ಕ್ರಿಯಾಟಿನೈನ್ ಆಗಿ ಮಾರ್ಪಟ್ಟು ರಕ್ತಕ್ಕೆ ಸೇರುತ್ತದೆ. ಅದು ಗ್ಲೊಮೆರುಲಸ್‌ಗಳಲ್ಲಿ, ಅಂದರೆ ಮೂತ್ರಪಿಂಡದ ಸೂಕ್ಷ್ಮ ಶೋಧಕಗಳಲ್ಲಿ, ಅಡೆತಡೆಯಿಲ್ಲದೆ ಸೋಸಿಹೋಗುತ್ತದೆ. ಜೊತೆಗೆ ಒಂದಿಷ್ಟು ಭಾಗವನ್ನು ಮೂತ್ರಪಿಂಡದ ನಾಳಿಕೆಗಳು ತಾವಾಗಿ ಮೂತ್ರಕ್ಕೆ ಸ್ರವಿಸುತ್ತವೆ. ಆದುದರಿಂದ ರಕ್ತದಲ್ಲಿ ಕಾಣುವ ಮಟ್ಟ ಯಾವಾಗಲೂ ಒಂದು ಅನುಪಾತ: ಮೇಲೆ ಸ್ನಾಯು ಉತ್ಪಾದಿಸಿದ ಮೊತ್ತ, ಕೆಳಗೆ ಮೂತ್ರಪಿಂಡ ಹೊರಹಾಕುವ ಶಕ್ತಿ. ಶೋಧನೆ ಅರ್ಧಕ್ಕೆ ಇಳಿದು, ಅದೇ ಅವಧಿಯಲ್ಲಿ ಸ್ನಾಯುವಿನ ಉತ್ಪಾದನೆಯೂ ಅರ್ಧಕ್ಕೆ ಇಳಿದರೆ ರಕ್ತದ ಅಂಕಿ ಕೂದಲೆಳೆಯಷ್ಟೂ ಕದಲುವುದಿಲ್ಲ. ಈ ಪ್ರಕರಣದ ತಿರುಳು ಇಷ್ಟೇ. ಸ್ಥಿರವಾದ ಕ್ರಿಯಾಟಿನೈನ್ ಸ್ಥಿರವಾದ ಮೂತ್ರಪಿಂಡಕ್ಕೆ ಪುರಾವೆಯಾಗುವುದು ಸ್ನಾಯು ಸ್ಥಿರವಾಗಿದ್ದಾಗ ಮಾತ್ರ. ಮೈ ಕರಗುತ್ತಿರುವವರಲ್ಲಿ ಬದಲಾಗದ ಅಂಕಿಯೇ ಕೆಟ್ಟ ಸುದ್ದಿಯಾಗಿರಬಹುದು.

ಪ್ರಯೋಗಾಲಯದ ಸಮೀಕರಣ ಇದನ್ನು ಏಕೆ ಹಿಡಿಯಲಿಲ್ಲ ಎಂದು ಕೇಳುವುದು ನ್ಯಾಯ. 2021ರ ಸಿಕೆಡಿ-ಎಪಿ ಕ್ರಿಯಾಟಿನೈನ್ ಸಮೀಕರಣಕ್ಕೆ ಬೇಕಾದದ್ದು ಮೂರೇ ಮಾಹಿತಿ: ಕ್ರಿಯಾಟಿನೈನ್, ವಯಸ್ಸು, ಲಿಂಗ. 2009ರ ಆವೃತ್ತಿಯಲ್ಲಿದ್ದ ಜನಾಂಗದ ಗುಣಕವನ್ನು 2021ರಲ್ಲಿ ತೆಗೆದುಹಾಕಲಾಯಿತು, ಅದು ಸರಿಯಾದ ತೀರ್ಮಾನವೇ. ಉಳಿದ ವಯಸ್ಸು ಮತ್ತು ಲಿಂಗಗಳು ಇಲ್ಲಿ ಬಹುಮಟ್ಟಿಗೆ ಸ್ನಾಯುವಿನ ಪ್ರತಿನಿಧಿಗಳಾಗಿ ಕೆಲಸ ಮಾಡುತ್ತವೆ. 70 ವರ್ಷದ ಮಹಿಳೆ ಎಂದೊಡನೆ ಸಮೀಕರಣ ಆ ವಯಸ್ಸಿನ ಸರಾಸರಿ ಮಹಿಳೆಯ ಸ್ನಾಯುವನ್ನು ಕಲ್ಪಿಸಿಕೊಳ್ಳುತ್ತದೆ. ಎದುರಿಗೆ ಕುಳಿತವರ ತೊಡೆ ಎಷ್ಟು ಸೊರಗಿದೆ, ಅವರು ವರ್ಷಗಳಿಂದ ಮೆಟ್ಟಿಲು ಹತ್ತಿಲ್ಲ, ಪ್ರೆಡ್ನಿಸೊಲೋನ್ ಸ್ನಾಯುವನ್ನು ಇನ್ನಷ್ಟು ತಿಂದಿದೆ ಎಂಬುದೊಂದೂ ಅದಕ್ಕೆ ತಿಳಿಯುವ ದಾರಿಯಿಲ್ಲ.

ಉಳಿದ ಸೂಚಕಗಳು

ಯೂರಿಯಾ ಇಲ್ಲಿ ನೆರವಿಗೆ ಬರುವಂಥದ್ದಲ್ಲ. ಸೋಸಿಹೋದ ಯೂರಿಯಾದ ಗಣನೀಯ ಭಾಗವನ್ನು ನಾಳಿಕೆಗಳು ಮರಳಿ ಹೀರಿಕೊಳ್ಳುತ್ತವೆ, ಅದೂ ದೇಹದಲ್ಲಿ ನೀರು ಕಡಿಮೆಯಾದಷ್ಟೂ ಹೆಚ್ಚು. ಪ್ರೋಟೀನ್ ಕಡಿಮೆ ತಿನ್ನುವವರಲ್ಲಿ ಯೂರಿಯಾ ಇಳಿಯುತ್ತದೆ. ಸ್ಟೀರಾಯ್ಡ್ ಸೇವನೆಯಲ್ಲಿ, ಜಠರದ ರಕ್ತಸ್ರಾವದಲ್ಲಿ ಏರುತ್ತದೆ. ಬಾಯಿಹುಣ್ಣಿನಿಂದ ಊಟವನ್ನೇ ಬಿಟ್ಟಿದ್ದ ರೋಗಿಯಲ್ಲಿ 38 ಎಂಬ ಅಂಕಿಗೆ ಹೆಚ್ಚಿನ ಅರ್ಥ ಕೊಡಲಾಗದು. ಬೀಟಾ-2 ಮೈಕ್ರೊಗ್ಲೋಬ್ಯುಲಿನ್ ಕೂಡ ಶೋಧನೆಯ ಸೂಚಕವೇ, ಆದರೆ ಉರಿಯೂತದ ಕಾಯಿಲೆಗಳಲ್ಲಿ ಅದರ ಉತ್ಪಾದನೆಯೇ ಏರುವುದರಿಂದ ಸಂಧಿವಾತದ ರೋಗಿಗೆ ಅದು ಹೊಂದುವುದಿಲ್ಲ. ಬೀಟಾ-ಟ್ರೇಸ್ ಪ್ರೋಟೀನ್ ಸ್ಟೀರಾಯ್ಡ್‌ನಿಂದ ಇಳಿಯುತ್ತದೆ; ಮೇಲಾಗಿ ಅದನ್ನು ದಿನನಿತ್ಯ ಮಾಡುವ ಪ್ರಯೋಗಾಲಯಗಳು ತೀರ ಕಡಿಮೆ. ಹೀಗಾಗಿ ಉಳಿದದ್ದು ಸಿಸ್ಟಾಟಿನ್ ಸಿ.

ಸಿಸ್ಟಾಟಿನ್ ಸಿ 120 ಅಮೈನೊ ಆಮ್ಲಗಳ ಸಣ್ಣ ಪ್ರೋಟೀನ್, ತೂಕ ಸುಮಾರು 13 ಕಿಲೊಡಾಲ್ಟನ್. ಕೋಶಕೇಂದ್ರವುಳ್ಳ ಬಹುತೇಕ ಎಲ್ಲ ಕೋಶಗಳೂ ಅದನ್ನು ತಯಾರಿಸುವುದರಿಂದ ಅದು ಸ್ನಾಯುವಿನ ಮೇಲೆ ಅಷ್ಟಾಗಿ ಅವಲಂಬಿಸಿಲ್ಲ. ಗ್ಲೊಮೆರುಲಸ್‌ನಲ್ಲಿ ಸೋಸಿಹೋದ ಮೇಲೆ ಸಮೀಪದ ನಾಳಿಕೆಗಳು ಅದನ್ನು ಹೀರಿಕೊಂಡು ಒಡೆದುಹಾಕುತ್ತವೆ; ಅದು ರಕ್ತಕ್ಕೆ ಹಾಗೆಯೇ ಮರಳುವುದಿಲ್ಲ, ಮೂತ್ರದಲ್ಲೂ ಬಹುತೇಕ ಕಾಣಸಿಗುವುದಿಲ್ಲ. ಶೋಧನೆಯ ಅಳತೆಗೆ ಇದನ್ನು ಬಳಸಬಹುದೆಂದು ಸ್ವೀಡನ್ನಿನ ಆಂಡರ್ಸ್ ಗ್ರಬ್ ಮತ್ತು ಸಂಗಡಿಗರು 1985ರಲ್ಲೇ ತೋರಿಸಿದ್ದರೂ, ಬೇರೆ ಬೇರೆ ಪ್ರಯೋಗಾಲಯಗಳ ಅಂಕಿಗಳನ್ನು ಹೋಲಿಸಲು ಬೇಕಾದ ಅಂತರರಾಷ್ಟ್ರೀಯ ಉಲ್ಲೇಖ ಮಾದರಿ ದೊರೆತದ್ದು 2010ರಲ್ಲಿ. ಈ ತಡದಿಂದಾಗಿಯೇ ಅನೇಕ ವೈದ್ಯರಿಗೆ ಅದು ಇಂದಿಗೂ ಕೈಗೆ ಒಗ್ಗಿದ ಪರೀಕ್ಷೆಯಾಗಿಲ್ಲ.

ಅದೇ ದಿನದ ರಕ್ತದಲ್ಲಿ ಸಿಸ್ಟಾಟಿನ್ ಸಿ ಲೀಟರಿಗೆ 1.5 ಮಿ.ಗ್ರಾಂ. ಇತ್ತು. 2012ರ ಸಿಸ್ಟಾಟಿನ್ ಸಮೀಕರಣಕ್ಕೆ ಹಾಕಿದರೆ ಶೋಧನಾ ದರ 41. ಎರಡನ್ನೂ ಕೂಡಿಸಿ ಲೆಕ್ಕ ಹಾಕುವ 2021ರ ಜಂಟಿ ಸಮೀಕರಣದಲ್ಲಿ 61. ಒಂದೇ ಸೂಜಿಯಿಂದ ತೆಗೆದ ರಕ್ತ, ಮೂರು ಉತ್ತರ: 93, 61, 41. ಮೊದಲನೆಯದನ್ನು ನಂಬಿದರೆ ಮೆಥೊಟ್ರೆಕ್ಸೇಟ್ ಹಳೆಯ ಪ್ರಮಾಣದಲ್ಲೇ ಮರಳಿ ಆರಂಭಿಸಬಹುದು. ಮೂರನೆಯದನ್ನು ನಂಬಿದರೆ ಪ್ರಮಾಣವನ್ನು ಗಣನೀಯವಾಗಿ ತಗ್ಗಿಸಬೇಕು ಅಥವಾ ಔಷಧಿಯನ್ನೇ ಬಿಡಬೇಕು.

ಸಿಸ್ಟಾಟಿನ್ ಹೇಳಿದ್ದೇ ಸರಿ ಎನ್ನಬಹುದೇ

ಇಲ್ಲಿ ಒಂದು ಆತುರದ ತೀರ್ಮಾನಕ್ಕೆ ಅವಕಾಶವಿತ್ತು. ಕ್ರಿಯಾಟಿನೈನ್ ತಪ್ಪು ದಾರಿಗೆಳೆಯಿತು ಎಂದು ಗೊತ್ತಾದ ಮೇಲೆ ಸಿಸ್ಟಾಟಿನ್ ಹೇಳಿದ್ದನ್ನು ಸತ್ಯವೆಂದೇ ಒಪ್ಪಿಕೊಳ್ಳಬಹುದಿತ್ತು. ಆದರೆ ಸಿಸ್ಟಾಟಿನ್‌ಗೂ ಶೋಧನೆಯ ಹೊರತಾದ ಪ್ರಭಾವಗಳಿವೆ. ಸ್ಟೀರಾಯ್ಡ್ ಅದರ ಉತ್ಪಾದನೆಯನ್ನು ಪ್ರಮಾಣಕ್ಕೆ ತಕ್ಕಂತೆ ಏರಿಸುತ್ತದೆ. ಥೈರಾಯ್ಡ್ ಹಾರ್ಮೋನ್ ಹೆಚ್ಚಾದರೆ ಅದು ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ; ಕ್ರಿಯಾಟಿನೈನ್ ಮಾತ್ರ ಥೈರಾಯ್ಡ್ ಕೊರತೆಯಲ್ಲಿ ಏರುವುದರಿಂದ ಆಗ ಎರಡೂ ವಿರುದ್ಧ ದಿಕ್ಕಿಗೆ ಎಳೆಯುತ್ತವೆ. ಬೊಜ್ಜು, ಧೂಮಪಾನ, ಉರಿಯೂತ ಇವೂ ಸಿಸ್ಟಾಟಿನ್ ಮಟ್ಟವನ್ನು ಮೇಲಕ್ಕೆ ಒಯ್ಯುತ್ತವೆ. ನಮ್ಮ ರೋಗಿಯಲ್ಲಿ ಬೊಜ್ಜಿಲ್ಲ, ಧೂಮಪಾನವಿಲ್ಲ, ಥೈರಾಯ್ಡ್ ಪರೀಕ್ಷೆಯಾದ ಟಿಎಸ್ಎಚ್ ಸಾಮಾನ್ಯ. ಆದರೆ ಉರಿಯೂತವನ್ನು ಸೂಚಿಸುವ ಸಿಆರ್‌ಪಿ 22 ಇತ್ತು, 5 ಮಿ.ಗ್ರಾಂ. ಪ್ರೆಡ್ನಿಸೊಲೋನ್ ಇತ್ತು. ಪ್ರಮಾಣ ಚಿಕ್ಕದಾದ್ದರಿಂದ ಅದರ ಪ್ರಭಾವವೂ ಚಿಕ್ಕದಿರಬಹುದು, ಇಲ್ಲವೆನ್ನಲಾಗದು. ಅಂದರೆ ಕ್ರಿಯಾಟಿನೈನ್ ಮೂತ್ರಪಿಂಡವನ್ನು ಇರುವುದಕ್ಕಿಂತ ಚೆನ್ನಾಗಿ ತೋರಿಸುತ್ತಿದ್ದರೆ, ಸಿಸ್ಟಾಟಿನ್ ಅದನ್ನು ಇರುವುದಕ್ಕಿಂತ ಸ್ವಲ್ಪ ಕೆಟ್ಟದಾಗಿ ತೋರಿಸುವ ಸಾಧ್ಯತೆಯಿತ್ತು.

ಎರಡೂ ಸೂಚಕಗಳು ಲಭ್ಯವಿದ್ದಾಗ ಜಂಟಿ ಸಮೀಕರಣವೇ ಉತ್ತಮ ಅಂದಾಜು ಎಂಬುದು ಮೂತ್ರಪಿಂಡ ಕಾಯಿಲೆಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಕೆಡಿಗೊದ 2024ರ ಮಾರ್ಗಸೂಚಿಯ ಒಟ್ಟು ನಿಲುವು. ಎರಡರ ದೋಷಗಳಿಗೂ ಮೂಲ ಬೇರೆಯಾದ್ದರಿಂದ ಅವು ಒಂದನ್ನೊಂದು ಭಾಗಶಃ ಸರಿದೂಗಿಸುತ್ತವೆ ಎಂಬುದು ಅದರ ಹಿಂದಿನ ತರ್ಕ. ಬಹುಪಾಲು ರೋಗಿಗಳಿಗೆ ಇದು ಸಾಕು. ಆದರೆ ಒಂದು ಸೂಚಕ ಬಹಳ ದೂರ ದಾರಿ ತಪ್ಪಿದ್ದರೆ ಸರಾಸರಿಯೂ ಅದರೊಂದಿಗೆ ವಾಲುತ್ತದೆ. ಎರಡು ಅಂದಾಜುಗಳ ನಡುವೆ 52 ಅಂಕಗಳ ಅಂತರವಿರುವಾಗ 61ನ್ನು ಕಣ್ಣುಮುಚ್ಚಿ ಒಪ್ಪುವುದು ನನ್ನ ಅಭಿಪ್ರಾಯದಲ್ಲಿ ತರವಲ್ಲ. ಪ್ರಮಾಣ ಸ್ವಲ್ಪ ಹೆಚ್ಚಾದರೂ ಮಜ್ಜೆಯನ್ನು ಕೆಡಿಸುವ ಔಷಧಿಯ ವಿಷಯದಲ್ಲಂತೂ ಅಳತೆಯನ್ನೇ ಮಾಡಬೇಕು.

ಅಳತೆ

ರಕ್ತಕಣಗಳು ಚೇತರಿಸಿಕೊಳ್ಳಲು ಮೂರು ವಾರ ಹಿಡಿಯಿತು. ಮೂತ್ರಪಿಂಡದ ಶೋಧನೆಯನ್ನು ತಗ್ಗಿಸಬಲ್ಲ ನಪ್ರೋಕ್ಸೆನ್ ಆ ವೇಳೆಗೆ ನಿಂತಿತ್ತು. ಈ ಕಾಯುವಿಕೆ ಅಗತ್ಯವೂ ಆಗಿತ್ತು, ಏಕೆಂದರೆ ಅಂದಾಜು ಸಮೀಕರಣಗಳೆಲ್ಲ ರಕ್ತದ ಮಟ್ಟ ನೆಲೆನಿಂತಿದೆ ಎಂಬ ಊಹೆಯ ಮೇಲೆ ನಿಂತಿವೆ. ಮಟ್ಟ ಏರಿಳಿಯುತ್ತಿರುವ ದಿನಗಳಲ್ಲಿ ಅವುಗಳ ಉತ್ತರಕ್ಕೆ ಬೆಲೆಯಿಲ್ಲ. ಪರೀಕ್ಷೆಯ ದಿನವೂ ಕ್ರಿಯಾಟಿನೈನ್ 0.7, ಸಿಸ್ಟಾಟಿನ್ 1.5 ಇದ್ದವು. ಐಯೊಹೆಕ್ಸಾಲ್ ಎಂಬ, ಸಿಟಿ ಸ್ಕ್ಯಾನ್‌ನಲ್ಲಿ ಬಳಸುವ ಅಯೊಡಿನ್‌ಯುಕ್ತ ದ್ರವವನ್ನು ಅಲ್ಪ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಟ್ಟು, ಮುಂದಿನ ಕೆಲವು ಗಂಟೆಗಳಲ್ಲಿ ಹಲವು ಬಾರಿ ರಕ್ತ ತೆಗೆದು, ಅದು ರಕ್ತದಿಂದ ಮರೆಯಾಗುವ ವೇಗವನ್ನು ಅಳೆಯಲಾಯಿತು. ದೇಹ ಅದನ್ನು ಉತ್ಪಾದಿಸುವುದಿಲ್ಲ, ಒಡೆಯುವುದೂ ಇಲ್ಲ. ನಾಳಿಕೆಗಳು ಅದನ್ನು ಸ್ರವಿಸುವುದೂ ಇಲ್ಲ, ಹೀರುವುದೂ ಇಲ್ಲ. ಹೀಗಾಗಿ ಸ್ನಾಯು, ಸ್ಟೀರಾಯ್ಡ್, ಉರಿಯೂತ ಯಾವುದಕ್ಕೂ ಅಲ್ಲಿ ಜಾಗವಿಲ್ಲ. ಅದರ ಜೊತೆಗೇ 24 ಗಂಟೆಗಳ ಮೂತ್ರವನ್ನೂ ಸಂಗ್ರಹಿಸಲಾಯಿತು.

ಐಯೊಹೆಕ್ಸಾಲ್ ಕೊಟ್ಟ ಉತ್ತರ: ನಿಮಿಷಕ್ಕೆ 39 ಮಿ.ಲೀ.; 1.73 ಚದರ ಮೀಟರಿಗೆ ಹೊಂದಿಸಿದಾಗ 52. ಕ್ರಿಯಾಟಿನೈನ್ ಅಂದಾಜಾದ 93 ಇದಕ್ಕಿಂತ ಶೇ. 79ರಷ್ಟು ಹೆಚ್ಚು. ಜಂಟಿ ಅಂದಾಜು ಶೇ. 17ರಷ್ಟು ಹೆಚ್ಚು, ಸಿಸ್ಟಾಟಿನ್ ಅಂದಾಜು ಶೇ. 21ರಷ್ಟು ಕಡಿಮೆ. ಅಂದಾಜು ಸಮೀಕರಣಗಳ ಗುಣಮಟ್ಟವನ್ನು ನಿರ್ಧರಿಸುವಾಗ ಅಳೆದ ಮೌಲ್ಯದ ಶೇ. 30ರ ಆಚೀಚೆಗೆ ಬಂದ ಉತ್ತರಗಳನ್ನು ಒಪ್ಪತಕ್ಕವೆಂದು ಎಣಿಸುವ ರೂಢಿಯಿದೆ. ಆ ಲೆಕ್ಕದಲ್ಲಿ ಕೊನೆಯ ಎರಡೂ ತೇರ್ಗಡೆಯಾಗುತ್ತವೆ. ಆದರೆ ಆ ಅಳತೆಗೋಲು ಎಷ್ಟು ಅಗಲವಾದದ್ದೆಂಬುದನ್ನೂ ಗಮನಿಸಬೇಕು: ನಿಜವಾದ 52ಕ್ಕೆ ಪ್ರತಿಯಾಗಿ 37 ಎಂದರೂ ಸರಿ, 67 ಎಂದರೂ ಸರಿ.

24 ಗಂಟೆಗಳ ಮೂತ್ರ ಇನ್ನಷ್ಟು ಹೇಳಿತು. ದಿನವಿಡೀ ಹೊರಬಿದ್ದ ಕ್ರಿಯಾಟಿನೈನ್ ಕೇವಲ 480 ಮಿ.ಗ್ರಾಂ., ಅಂದರೆ ಕಿಲೊ ತೂಕಕ್ಕೆ 12 ಮಿ.ಗ್ರಾಂ. ಸ್ನಾಯು ಎಷ್ಟು ಸೊರಗಿದೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ. ಇದರಿಂದ ಲೆಕ್ಕ ಹಾಕಿದ ಕ್ರಿಯಾಟಿನೈನ್ ನಿರ್ಮೂಲನಾ ದರ ನಿಮಿಷಕ್ಕೆ 48 ಮಿ.ಲೀ. ಐಯೊಹೆಕ್ಸಾಲ್‌ನ 39ಕ್ಕಿಂತ ಇದು ಹೆಚ್ಚಿರುವುದು ನಿರೀಕ್ಷಿತವೇ, ಏಕೆಂದರೆ ನಾಳಿಕೆಗಳು ಸ್ರವಿಸಿದ ಪಾಲೂ ಅದರಲ್ಲಿ ಸೇರಿದೆ. ಟ್ರೈಮೆಥೊಪ್ರಿಮ್, ಸಿಮೆಟಿಡಿನ್‌ನಂಥ ಔಷಧಿಗಳು ಈ ಸ್ರವಿಕೆಯನ್ನೇ ತಡೆದು, ಶೋಧನೆ ಇಳಿಯದಿದ್ದರೂ ಕ್ರಿಯಾಟಿನೈನ್ ಅನ್ನು ಏರಿಸುತ್ತವೆ.

ಹಳೆಯ ಸೂತ್ರವೊಂದರ ಬಗ್ಗೆಯೂ ಇಲ್ಲಿ ಹೇಳಬೇಕು. 1976ರ ಕಾಕ್‌ಕ್ರಾಫ್ಟ್–ಗಾಲ್ಟ್ ಸೂತ್ರಕ್ಕೆ ಇದೇ 0.7 ಹಾಕಿದರೆ ನಿಮಿಷಕ್ಕೆ 47 ಮಿ.ಲೀ. ಬರುತ್ತದೆ, ಮೂತ್ರ ಸಂಗ್ರಹದಿಂದ ದೊರೆತ 48ಕ್ಕೆ ಅದು ಬಹುತೇಕ ಸಮ. 249 ಪುರುಷರ ಮಾಹಿತಿಯಿಂದ ಕಟ್ಟಿದ, ಮಹಿಳೆಯರಿಗೆ ಊಹೆಯಿಂದಲೇ ಶೇ. 15 ಕಳೆಯುವ ಆ ಸೂತ್ರ ಆಧುನಿಕ ಸಮೀಕರಣಕ್ಕಿಂತ ಇಲ್ಲಿ ನಿಜದ ಸನಿಹಕ್ಕೆ ಬಂದದ್ದಕ್ಕೆ ಕಾರಣ ಒಂದೇ: ಅದರಲ್ಲಿ ತೂಕವಿದೆ. 40 ಕಿಲೊದ ದೇಹ ಹೆಚ್ಚು ಕ್ರಿಯಾಟಿನೈನ್ ಉತ್ಪಾದಿಸಲಾರದು ಎಂಬ ವಿವೇಕ ಅದಕ್ಕೆ ತೂಕದ ಮೂಲಕ ದಕ್ಕಿತು. ಇದನ್ನು ಆ ಸೂತ್ರದ ಗೆಲುವೆಂದು ತಿಳಿಯಬಾರದು. ರೋಗಿಯ ಕಾಲಿಗೆ ನೀರು ತುಂಬಿ ತೂಕ 48 ಆಗಿದ್ದರೆ ಅದೇ ಸೂತ್ರ ಅಷ್ಟೇ ಸಲೀಸಾಗಿ ತಪ್ಪುತ್ತಿತ್ತು.

ಮೈಮೇಲ್ಮೈಯ ಹೊಂದಾಣಿಕೆಯೂ ಇಂಥ ರೋಗಿಗಳಲ್ಲಿ ಅನೇಕ ಬಾರಿ ಮರೆತುಹೋಗುತ್ತದೆ. 1.73 ಚದರ ಮೀಟರ್ ಎಂಬುದು 1920ರ ದಶಕದ ಸರಾಸರಿ ವಯಸ್ಕರ ಮೈಮೇಲ್ಮೈ. ಈ ರೋಗಿಯ ಮೈಮೇಲ್ಮೈ 1.29. ಕಾಯಿಲೆಯ ಹಂತವನ್ನು ನಿರ್ಧರಿಸಲು 52 ಎಂಬ ಹೊಂದಿಸಿದ ಅಂಕಿ ಸರಿ. ಔಷಧಿಯನ್ನು ಹೊರಹಾಕುವ ಕೆಲಸ ನಡೆಯುವುದು ಮಾತ್ರ ನಿಮಿಷಕ್ಕೆ 39 ಮಿ.ಲೀ. ವೇಗದಲ್ಲಿ. ಪ್ರಮಾಣ ನಿರ್ಧರಿಸುವಾಗ ಬೇಕಾದ ಅಂಕಿ ಇದು.

ಮೂತ್ರದಲ್ಲಿಯೂ ಅದೇ ತೊಡಕು

ಹೊರರೋಗಿ ವಿಭಾಗದಲ್ಲಿ ತೆಗೆದ ಮೂತ್ರದ ಮಾದರಿಯಲ್ಲಿ ಅಲ್ಬುಮಿನ್–ಕ್ರಿಯಾಟಿನೈನ್ ಅನುಪಾತ ಗ್ರಾಂಗೆ 42 ಮಿ.ಗ್ರಾಂ. ಇತ್ತು. 30ರ ಗಡಿಯನ್ನು ದಾಟಿದ್ದರಿಂದ ಮೂತ್ರದಲ್ಲಿ ಅಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಸೋರುತ್ತಿದೆ ಎಂದು ವರದಿಯಾಯಿತು. ಆದರೆ 24 ಗಂಟೆಗಳ ಸಂಗ್ರಹದಲ್ಲಿ ದಿನದ ಒಟ್ಟು ಅಲ್ಬುಮಿನ್ 20 ಮಿ.ಗ್ರಾಂ. ಮಾತ್ರ, ಸಾಮಾನ್ಯ ಮಿತಿಯೊಳಗೆ. ಕಾರಣ ಸರಳ: ಅನುಪಾತದ ಛೇದದಲ್ಲಿರುವುದು ಕ್ರಿಯಾಟಿನೈನ್, ಈ ರೋಗಿ ದಿನಕ್ಕೆ ಒಂದು ಗ್ರಾಂ ಅಲ್ಲ, ಅರ್ಧ ಗ್ರಾಂಗಿಂತಲೂ ಕಡಿಮೆ ಹೊರಹಾಕುತ್ತಾರೆ. ಸೊರಗಿದ ಸ್ನಾಯು ರಕ್ತದಲ್ಲಿ ರೋಗವನ್ನು ಮುಚ್ಚಿಟ್ಟಿತು, ಮೂತ್ರದಲ್ಲಿ ಇಲ್ಲದ ಸೋರಿಕೆಯನ್ನು ತೋರಿಸಿತು. ಇಷ್ಟು ಸ್ಪಷ್ಟವಾಗಿ ಎರಡೂ ದಿಕ್ಕಿನ ದೋಷ ಒಬ್ಬರಲ್ಲೇ ಕಾಣುವುದನ್ನು ವೈದ್ಯ ವಿದ್ಯಾರ್ಥಿಗಳು ಒಮ್ಮೆಯಾದರೂ ಕಾಗದದ ಮೇಲೆ ಲೆಕ್ಕ ಹಾಕಿ ನೋಡಬೇಕೆಂಬುದು ನನ್ನ ಆಸೆ.

ತೀರ್ಮಾನ ಮತ್ತು ನಂತರದ ಬೆಳವಣಿಗೆ

ಶೋಧನಾ ದರ 30ಕ್ಕಿಂತ ಕೆಳಗಿದ್ದರೆ ಮೆಥೊಟ್ರೆಕ್ಸೇಟ್ ಕೊಡದಿರುವುದು, 60ಕ್ಕಿಂತ ಕೆಳಗಿದ್ದರೆ ಪ್ರಮಾಣ ತಗ್ಗಿಸುವುದು ಸಾಮಾನ್ಯ ರೂಢಿ. ಅಳೆದ ಅಂಕಿ ಈ ಎರಡು ಗಡಿಗಳ ನಡುವೆ ಇದ್ದುದರಿಂದ ತಗ್ಗಿಸಿದ ಪ್ರಮಾಣದಲ್ಲಿ ಮರಳಿ ಕೊಡಬಹುದೆಂಬ ವಾದಕ್ಕೂ ಎಡೆಯಿತ್ತು. ಆದರೆ ಮಜ್ಜೆ ಒಮ್ಮೆ ಕುಸಿದಿತ್ತು, ರಕ್ತದ ಅಲ್ಬುಮಿನ್ 3.2ಕ್ಕೆ ಇಳಿದಿತ್ತು, ಮೂತ್ರಪಿಂಡದ ಮೇಲೆ ನಿಗಾ ಇಡಲು ಎಲ್ಲೆಡೆ ಸಿಗುವ ಒಂದೇ ಪರೀಕ್ಷೆ ಈ ರೋಗಿಯಲ್ಲಿ ಅಪಾಯವನ್ನು ಹೇಳದೆಂದು ಸಾಬೀತಾಗಿತ್ತು. ಮೂರನೆಯ ಕಾರಣವೇ ನನ್ನ ದೃಷ್ಟಿಯಲ್ಲಿ ನಿರ್ಣಾಯಕ. ಶೋಧನೆ ನಾಳೆ 39ರಿಂದ 28ಕ್ಕೆ ಇಳಿದರೂ ತಿಂಗಳ ವರದಿಯಲ್ಲಿ ಕ್ರಿಯಾಟಿನೈನ್ 0.8 ಎಂದೋ 0.9 ಎಂದೋ ಬರುತ್ತದೆ, ಸಾಮಾನ್ಯವೆಂಬ ಗುರುತಿನೊಂದಿಗೆ. ಮೆಥೊಟ್ರೆಕ್ಸೇಟ್ ಶಾಶ್ವತವಾಗಿ ನಿಂತಿತು. ಮೂತ್ರಪಿಂಡದ ಮೂಲಕ ಹೊರಹೋಗದ ಜೈವಿಕ ಔಷಧಿಯೊಂದನ್ನು ಆರಂಭಿಸಲಾಯಿತು. ನಪ್ರೋಕ್ಸೆನ್ ಮತ್ತು ಅದೇ ಗುಂಪಿನ ನೋವುನಿವಾರಕಗಳನ್ನು ಬಿಡುವಂತೆ ರೋಗಿಗೂ ಮನೆಯವರಿಗೂ ಬಿಡಿಸಿ ಹೇಳಲಾಯಿತು.

ಮೂರು ತಿಂಗಳ ನಂತರ ಕ್ರಿಯಾಟಿನೈನ್ ಮತ್ತೆ 0.7. ಸಿಸ್ಟಾಟಿನ್ 1.4ಕ್ಕೆ ಇಳಿದು ಅದರ ಅಂದಾಜು 41ರಿಂದ 45ಕ್ಕೆ, ಜಂಟಿ ಅಂದಾಜು 61ರಿಂದ 64ಕ್ಕೆ ಏರಿತು. ಇದನ್ನು ಚೇತರಿಕೆಯೆಂದು ಬರೆಯುವ ಆಸೆಯಾಗುವುದು ಸಹಜ. ಆದರೆ ಅದೇ ಅವಧಿಯಲ್ಲಿ ಸಿಆರ್‌ಪಿ 22ರಿಂದ 6ಕ್ಕೆ ಇಳಿದಿತ್ತು. ಉರಿಯೂತ ತಗ್ಗಿದ್ದರಿಂದಲೇ ಸಿಸ್ಟಾಟಿನ್ ಇಳಿದಿರಬಹುದು. ನೋವುನಿವಾರಕ ನಿಂತದ್ದರ ಫಲವೂ ಇರಬಹುದು. ದಿನದಿಂದ ದಿನಕ್ಕೆ ಆಗುವ ಸಹಜ ಏರಿಳಿತಕ್ಕಿಂತ ಈ ವ್ಯತ್ಯಾಸ ಹೆಚ್ಚಿನದೆಂದು ಒಂದೇ ಮಾದರಿಯಿಂದ ಹೇಳಲು ಬರುವುದಿಲ್ಲ. ಕಡತದಲ್ಲಿ ಮೂರನೆಯ ಹಂತದ ಎ ವರ್ಗದ, ಅಂದರೆ 45ರಿಂದ 59ರ ನಡುವಿನ, ದೀರ್ಘಕಾಲೀನ ಮೂತ್ರಪಿಂಡ ಕಾಯಿಲೆ ಎಂದು ಐಯೊಹೆಕ್ಸಾಲ್ ಅಳತೆಯ ಆಧಾರದಲ್ಲೇ ನಮೂದಿಸಲಾಯಿತು. ಜೊತೆಗೆ ಎರಡು ಸೂಚನೆಗಳನ್ನು ಬರೆಯಲಾಯಿತು: ಔಷಧಿಯ ಪ್ರಮಾಣಕ್ಕೆ ಕ್ರಿಯಾಟಿನೈನ್ ಆಧಾರಿತ ಇಜಿಎಫ್ಆರ್ ಬಳಸಬಾರದು, ಪ್ರೆಡ್ನಿಸೊಲೋನ್ ಪ್ರಮಾಣ ಬದಲಾದ ದಿನಾಂಕವನ್ನು ಸಿಸ್ಟಾಟಿನ್ ವರದಿಯ ಪಕ್ಕದಲ್ಲೇ ದಾಖಲಿಸಬೇಕು, ಏಕೆಂದರೆ ಕೀಲುನೋವು ಉಲ್ಬಣಿಸಿ ಪ್ರಮಾಣವನ್ನು 30 ಮಿ.ಗ್ರಾಂಗೆ ಏರಿಸಿದರೆ ಮೂತ್ರಪಿಂಡಕ್ಕೆ ಏನೂ ಆಗದೆಯೇ ಸಿಸ್ಟಾಟಿನ್ ಏರಬಹುದು. ಮುಂದಿನ ಸಿಸ್ಟಾಟಿನ್ ಪರೀಕ್ಷೆ ಮೂರು ತಿಂಗಳಿಗೆ ನಿಗದಿಯಾಗಿದೆ. ಪ್ರಮಾಣ ಸ್ವಲ್ಪ ತಪ್ಪಿದರೂ ಹಾನಿ ಮಾಡುವ ಬೇರೊಂದು ಔಷಧಿ ಬೇಕಾದ ದಿನ ಐಯೊಹೆಕ್ಸಾಲ್ ಅಳತೆಯನ್ನು ಮತ್ತೆ ಮಾಡಲಾಗುವುದು.